ಒಂದು ವರ್ಷ ನಿಲ್ಲಿಸಿಡುವ ಪೆಟ್ರೋಲ್ ಕಾರಿನ ಎಂಜಿನ್‌ಗೆ ಯಾವ ಸಿದ್ಧತೆ ಬೇಕು?

ಪ್ರಶ್ನೆ:
ನನ್ನ ಪೆಟ್ರೋಲ್ ಕಾರನ್ನು ಸುಮಾರು ಒಂದು ವರ್ಷ ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸಬೇಕಾಗಿದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕೆಂದು ಕೆಲವರು ಹೇಳುತ್ತಾರೆ. ಮುಟ್ಟದೆ ಬಿಡುವುದೇ ಮೇಲೆಂದು ಇನ್ನು ಕೆಲವರ ಅಭಿಪ್ರಾಯ. ಎಂಜಿನ್ ಆಯಿಲನ್ನು ಈಗಲೇ ಬದಲಾಯಿಸಬೇಕೇ, ಮತ್ತೆ ಓಡಿಸುವ ಮುನ್ನ ಬದಲಾಯಿಸಿದರೆ ಆದೀತೇ? ದಯವಿಟ್ಟು ಕಾರಣಸಹಿತ ತಿಳಿಸಿ.

ಉತ್ತರ 1:
ಈಗಲೇ ಬದಲಾಯಿಸಿ. ಬಳಸಿದ ಆಯಿಲ್‌ನಲ್ಲಿ ಇಂಧನ ಉರಿದಾಗ ಹುಟ್ಟಿದ ಆಮ್ಲಗಳೂ ತೇವವೂ ಸೇರಿಕೊಂಡಿರುವುದರಿಂದ, ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಅದು ಬೇರಿಂಗ್‌ಗಳನ್ನು ನಿಧಾನವಾಗಿ ತಿನ್ನುತ್ತದೆ. ಹೊಸ ಆಯಿಲ್ ಮತ್ತು ಫಿಲ್ಟರ್ ಹಾಕಿಸಿ, ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ, ಆಮೇಲೆ ನಿಲ್ಲಿಸಿ.

ಐದು ನಿಮಿಷದ ಸ್ಟಾರ್ಟ್ ಖಂಡಿತ ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಆ ಆವಿ ಹೊಗೆಯೊಂದಿಗೆ ಹೊರಹೋಗುತ್ತದೆ; ಕಾಯದಿದ್ದರೆ ಸೈಲೆನ್ಸರ್‌ನಲ್ಲೂ ಕ್ರ್ಯಾಂಕ್‌ಕೇಸ್‌ನಲ್ಲೂ (ಎಂಜಿನ್‌ನ ಕೆಳಭಾಗದ ಕವಚ) ಹನಿಗಟ್ಟಿ ಉಳಿದು ತುಕ್ಕಿಗೆ ದಾರಿಯಾಗುತ್ತದೆ. ತಿಳಿಯದೆ ಯಾರೂ ಸ್ಟಾರ್ಟ್ ಮಾಡದಂತೆ ಸ್ಟೀರಿಂಗ್‌ಗೆ ಒಂದು ಚೀಟಿ ಕಟ್ಟಿಡಿ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಇಂಧನದ ವಿಷಯವೂ ಅಷ್ಟೇ ಮುಖ್ಯ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಅದು ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಪಂಪ್ ಮೊದಲು ಎಳೆಯುವುದು ಆ ತಳದ ದ್ರವವನ್ನೇ. ಆದ್ದರಿಂದ ಗಾಳಿಗೆ ಜಾಗ ಕಡಿಮೆಯಾಗುವಂತೆ ಟ್ಯಾಂಕನ್ನು ಬಹುಪಾಲು ತುಂಬಿಸಿ, ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಫ್ಯೂಯೆಲ್ ಸ್ಟೆಬಿಲೈಸರನ್ನು ಕೊನೆಯ ಓಟಕ್ಕೆ ಮೊದಲೇ ಬೆರೆಸಿ. ನಿಲ್ಲಿಸಿದ ಮೇಲೆ ಹಾಕಿದರೆ ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳವರೆಗೆ ಅದು ತಲುಪುವುದಿಲ್ಲ.

ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿಡಿ. ವೋಲ್ಟೇಜ್ 12.4ಕ್ಕಿಂತ ಕೆಳಗಿಳಿದರೆ ಮತ್ತೆ ಚಾರ್ಜ್ ಮಾಡಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಳಗೆ ತುಕ್ಕು ಹಿಡಿಯದಂತೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರ್‌ಗೆ ಆಯಿಲ್ ಬಿಡುವುದೂ ಅಗತ್ಯವೇ?

ಉತ್ತರ 3:
ಒಣ ಜಾಗದಲ್ಲಿ ಒಂದು ವರ್ಷಕ್ಕೆ ಅದು ಬೇಕಿಲ್ಲವೆಂದೇ ನನ್ನ ಅಭಿಪ್ರಾಯ. ಹಲವು ವರ್ಷ ನಿಲ್ಲಿಸುವುದಾದರೆ, ಇಲ್ಲವೇ ಶೆಡ್ಡಿನಲ್ಲಿ ತೇವ ಹೆಚ್ಚಾಗಿದ್ದರೆ, ಪ್ರತಿ ಸಿಲಿಂಡರ್‌ಗೆ ಸ್ವಲ್ಪವೇ ಆಯಿಲ್ ಬಿಟ್ಟು, ಪ್ಲಗ್ ಹಾಕುವ ಮೊದಲು ಎಂಜಿನನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ. ಹೆಚ್ಚು ಸುರಿಯಲೇಬೇಡಿ, ಗಾಳಿಯಂತೆ ದ್ರವ ಕುಗ್ಗುವುದಿಲ್ಲವಾದ್ದರಿಂದ ಮುಂದೆ ಸ್ಟಾರ್ಟ್ ಮಾಡುವಾಗ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ.

ಇಲಿಗಳು ಗೂಡು ಕಟ್ಟದಂತೆ ಗಾಳಿ ಒಳಹೋಗುವ ಬಾಯಿಗೂ ಸೈಲೆನ್ಸರ್ ಕೊಳವೆಗೂ ಬಟ್ಟೆ ತುರುಕಿ, ಆ ಚೀಟಿಯಲ್ಲೇ ಇದನ್ನೂ ಬರೆದಿಡಿ. ವರ್ಷದ ನಂತರ ಬಟ್ಟೆ ತೆಗೆದು, ಎಂಜಿನ್ ಸ್ಟಾರ್ಟ್ ಆಗದಂತೆ ಫ್ಯೂಯೆಲ್ ಪಂಪ್‌ನ ಫ್ಯೂಸ್ ಕಿತ್ತು, ಆಯಿಲ್ ಒತ್ತಡದ ದೀಪ ಆರುವವರೆಗೆ ಸ್ಟಾರ್ಟರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ.