ಕಿರಾಣಿ ಅಂಗಡಿಯಲ್ಲಿ ಐದು ರೂಪಾಯಿಗೆ ವೈಫೈ ಮಾರಬಹುದಾ? (ಝುವಾರಿನಗರ, ಗೋವಾ)

ಝುವಾರಿನಗರದ ಅಂಗಡಿಯವ:

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯವನು. ಹನ್ನೊಂದು ವರ್ಷದಿಂದ ಇಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದೇನೆ. ದೊಡ್ಡ ಅಂಗಡಿ ಅಲ್ಲ, ಹತ್ತು ಅಡಿ ಅಗಲ. ಮುಂದೆ ಒಂದು ಬೆಂಚು, ಮೇಲೆ ತಗಡು. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ನಮ್ಮ ಕಡೆಯವರೇ, ಬಾಗಲಕೋಟೆ, ಗದಗ, ಕೊಪ್ಪಳದವರು. ಕೆಲವರು ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಗುತ್ತಾರೆ. ಉಳಿದವರು ಗೌಂಡಿ, ಸೆಂಟ್ರಿಂಗ್ ಕೆಲಸದವರು.

ಅಂಗಡಿಗೆ ಫೈಬರ್ ಹಾಕಿಸಿದ್ದೇನೆ. 60 ಎಂಬಿಪಿಎಸ್, ತಿಂಗಳಿಗೆ 599, ಜಿಎಸ್‌ಟಿ ಸೇರಿ 707. ಗಿರಾಕಿ ಸ್ಕ್ಯಾನ್ ಮಾಡಿದ ದುಡ್ಡು ಬಂತೋ ಇಲ್ಲವೋ ನೋಡೋಕೆ, ಮತ್ತೆ ಮಗನ ಓದಿಗೆ. ಸಂಜೆ ಏಳಾದರೆ ಹುಡುಗರು ಬಂದು ಪಾಸ್‌ವರ್ಡ್ ಕೇಳುತ್ತಾರೆ. ಪಾಪ ಅಂತ ಒಬ್ಬನಿಗೆ ಕೊಟ್ಟೆ. ಎಂಟು ದಿನ ಬಿಟ್ಟು ನೋಡಿದರೆ ಹದಿನಾಲ್ಕು ಫೋನು ಒಳಗೆ ಕೂತಿವೆ! ನನ್ನ ಮಗನ ವಿಡಿಯೊ ಮಾತ್ರ ಗರಗರ ತಿರುಗುತ್ತಿದೆ.

ಅವರದ್ದೂ ತಪ್ಪಲ್ಲ ಬಿಡಿ. 2024ರ ಜುಲೈನಲ್ಲಿ ಮೂರೂ ದೊಡ್ಡ ಮೊಬೈಲ್ ಕಂಪನಿಗಳು ರೇಟು ಏರಿಸಿದ ಮೇಲೆ ದಿನಾ ಡೇಟಾ ಬರುವ ಪ್ಯಾಕಿಗೆ ಮುನ್ನೂರರ ಆಸುಪಾಸು ಬೇಕು. ಗೌಂಡಿಗೆ ಪಗಾರ ಆಗೋದು ಶನಿವಾರ. ಅದರಲ್ಲಿ ಊರಿಗೆ ಕಳಿಸಬೇಕು, ಖೋಲಿ ಬಾಡಿಗೆ ತೆಗೆದಿಡಬೇಕು. ನನ್ನ ಅಂಗಡಿಯಲ್ಲಿ ಅವನು ಶಾಂಪೂ ಸ್ಯಾಚೆಯಲ್ಲಿ ಒಯ್ಯುತ್ತಾನೆ, ಎಣ್ಣೆ ಹತ್ತು ರೂಪಾಯಿಯ ಪೊಟ್ಟಣದಲ್ಲಿ ಒಯ್ಯುತ್ತಾನೆ. ಡೇಟಾ ಮಾತ್ರ 28 ದಿನದ್ದು ಒಟ್ಟಿಗೆ ಕೊಂಡುಕೋ ಅಂದರೆ ಎಲ್ಲಿಂದ ತರೋದು?

ಹೋದ ತಿಂಗಳು ಒಬ್ಬ ಏಜೆಂಟ್ ಬಂದ. "ಪಿಎಂ-ವಾಣಿ ಅಂತ ಸರ್ಕಾರದ ಯೋಜನೆ ಇದೆ. ರೂಟರ್‌ಗೆ 14,000 ಕೊಡಿ, ಕೂತಲ್ಲೇ ತಿಂಗಳಿಗೆ 15,000 ಬರುತ್ತೆ" ಅಂದ. ಕೈಗೆ ಕೊಟ್ಟ ಚೀಟಿಯ ಮೇಲೆ ತ್ರಿವರ್ಣ ಧ್ವಜ ಬೇರೆ. ನಮ್ಮ ಫೈಬರ್ ಹುಡುಗನನ್ನು ಕೇಳಿದೆ. ಅವನು, "ಮನೆ ಪ್ಲಾನಿನಲ್ಲಿ ಮಾರಿದರೆ ಲೈನ್ ಕಟ್. ಮಾರಬೇಕು ಅಂದರೆ ಲೀಸ್ಡ್ ಲೈನ್, ಅಂದರೆ ನಿಮಗೊಬ್ಬರಿಗೇ ಮೀಸಲಾದ ಲೈನ್ ತಗೊಳ್ಳಿ" ಅಂದ. ಅವನು ಹೇಳಿದ ರೇಟು ಅಂಗಡಿ ಬಾಡಿಗೆಗಿಂತ ಜಾಸ್ತಿ.

ಇಬ್ಬರಲ್ಲಿ ಯಾರ ಮಾತು ಸರಿ? ನಾಳೆ ಯಾರೋ ಏನೋ ಮಾಡಿದರೆ ಪೊಲೀಸರು ನನ್ನ ಹತ್ತಿರ ಬರುತ್ತಾರಾ? ಬರೀ ವಾಟ್ಸಾಪ್ ಮಾತ್ರ ಮೂರು ರೂಪಾಯಿಗೆ ಕೊಡೋಕಾಗುತ್ತಾ? ಗೊತ್ತಿದ್ದವರು ಹೇಳಿ. ನಾನು ಓದಿದ್ದು ಹತ್ತನೇ ಕ್ಲಾಸು, ಆದರೆ ಲೆಕ್ಕ ಚೆನ್ನಾಗಿ ಬರುತ್ತೆ.

ಘಾಟ್‌ಕೋಪರ್ ಹೋಟೆಲ್:

ಆ ಏಜೆಂಟಿಗೆ ಒಂದು ರೂಪಾಯಿಯೂ ಕೊಡಬೇಡಿ ಮಾರಾಯ್ರೆ. ತಿಂಗಳಿಗೆ ಹದಿನೈದು ಸಾವಿರ ಬರುವುದಾದರೆ ಅವನು ಬಿಸಿಲಲ್ಲಿ ಬ್ಯಾಗ್ ಹಿಡಿದು ತಿರುಗುತ್ತಿದ್ದನಾ?

ನಮ್ಮ ಹೋಟೆಲಿನಲ್ಲಿ ನಾನು ಫ್ರೀ ವೈಫೈ ಇಟ್ಟು ಕೈ ಸುಟ್ಟುಕೊಂಡವ. ಒಂದು ಕಟಿಂಗ್ ಚಹಾ, ಎರಡು ಗಂಟೆ ಟೇಬಲ್. ಮಧ್ಯಾಹ್ನ ಊಟದ ಹೊತ್ತಿಗೂ ಏಳುವುದಿಲ್ಲ. ನಾಲ್ಕು ತಿಂಗಳಲ್ಲಿ ತೆಗೆಸಿದೆ.

ಇನ್ನೊಂದು ನೆನಪಿಡಿ. 2016ರ ಜನವರಿಯಲ್ಲಿ ಗೂಗಲ್ ಮತ್ತು ರೈಲ್ವೆಯ ಕಂಪನಿ ರೈಲ್‌ಟೆಲ್ ಸೇರಿ ಸ್ಟೇಷನ್ ವೈಫೈ ಶುರು ಮಾಡಿದ್ದು ನಮ್ಮ ಮುಂಬೈ ಸೆಂಟ್ರಲ್‌ನಲ್ಲೇ. ಆಗ ಪ್ಲಾಟ್‌ಫಾರ್ಮಿನಲ್ಲಿ ಜನ ಗೋಡೆಗೆ ಒರಗಿ ಕೂತು ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದರು, ರೈಲು ಹೋದರೂ ಚಿಂತೆ ಇಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೊ ಬಂತು. 2020ಕ್ಕೆ ಗೂಗಲ್, ಮೊಬೈಲ್ ಡೇಟಾ ಅಗ್ಗ ಆಯ್ತು, ಇನ್ನು ನಮ್ಮ ಕೆಲಸ ಇಲ್ಲ ಅಂತ ಕೈಬಿಟ್ಟಿತು. ಅಷ್ಟು ದೊಡ್ಡವರೇ ಬಿಟ್ಟ ಧಂದೆ ಇದು.

ಹಡಪ್ಸರ್ ನೆಟ್‌ವರ್ಕ್:

ಹೋಟೆಲ್ ಅಣ್ಣನ ಮಾತು ಅರ್ಧ ಸರಿ. ಡೇಟಾ ಅಗ್ಗ ಅನ್ನೋದು ಜಿಬಿ ಲೆಕ್ಕದಲ್ಲಿ. ಒಂದೇ ಸಲಕ್ಕೆ ಜೇಬಿನಿಂದ ಹೋಗೋ ದುಡ್ಡಿನ ಲೆಕ್ಕದಲ್ಲಿ ಅಲ್ಲ. ಅಂಗಡಿಯವರು ಹೇಳುತ್ತಿರೋದು ಅದನ್ನೇ.

ನಾನು ಪುಣೆಯಲ್ಲಿ ಇದೇ ಲೈನಿನಲ್ಲಿ ಕೆಲಸ ಮಾಡುವವನು, ಕಂಪನಿ ಹೆಸರು ಬೇಡ. ನಿಮ್ಮ ಏಜೆಂಟ್ ಹೇಳಿದ ಯೋಜನೆ ಇರೋದು ನಿಜ, ಅವನ ಲೆಕ್ಕ ಸುಳ್ಳು. ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ನೆನಪಿದೆಯಲ್ಲ, ಪಿಸಿಒ? ಅದೇ ಅಚ್ಚಿನಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2017ರಲ್ಲಿ ಪಿಡಿಒ ಅಂತ ಒಂದು ಸಲಹೆ ಕೊಟ್ಟಿತು. ಪಬ್ಲಿಕ್ ಡೇಟಾ ಆಫೀಸ್. ಚಹಾ ಅಂಗಡಿಯವ, ಕಿರಾಣಿಯವ ಎರಡು ರೂಪಾಯಿ, ಹತ್ತು ರೂಪಾಯಿಗೆ ಡೇಟಾ ಮಾರಲಿ ಅಂತ. 2020ರ ಡಿಸೆಂಬರ್ 9ಕ್ಕೆ ಕೇಂದ್ರ ಸಂಪುಟ ಅದನ್ನು ಪಿಎಂ-ವಾಣಿ ಅಂತ ಒಪ್ಪಿತು.

ಇದರಲ್ಲಿ ನೀವು ಪಿಡಿಒ. ನಿಮಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ, ಫೀಸೂ ಇಲ್ಲ. ನಿಮ್ಮ ಮೇಲೆ ಪಿಡಿಒಎ ಅಂತ, ನಿಮ್ಮಂಥ ಹಲವು ಪಿಡಿಒಗಳನ್ನು ಒಟ್ಟುಗೂಡಿಸೋ ಕಂಪನಿಯವರು ಇರುತ್ತಾರೆ. ಯಾರು ಒಳಗೆ ಬಂದರು, ಎಷ್ಟು ಬಳಸಿದರು ಅನ್ನೋ ಲೆಕ್ಕ ಅವರದ್ದು. ಅವರು ಟೆಲಿಕಾಂ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಗಿರಾಕಿಯ ಗುರುತು ಹಿಡಿಯೋದು ಆ್ಯಪ್ ಕಂಪನಿ, ಫೋನಿಗೆ ಒಟಿಪಿ ಕಳಿಸಿ. ಎಲ್ಲರ ಪಟ್ಟಿ ಸರ್ಕಾರದ ಟೆಲಿಕಾಂ ಸಂಸ್ಥೆ ಸಿ-ಡಾಟ್ ಹತ್ತಿರ. ಏಜೆಂಟ್ ಯಾವ ಪಿಡಿಒಎ ಕಡೆಯವನು ಅಂತ ಮೊದಲು ಕೇಳಿ, ಪಟ್ಟಿಯಲ್ಲಿ ಹೆಸರು ಹುಡುಕಿ. ಇಲ್ಲ ಅಂದರೆ ಚಹಾ ಕುಡಿಸಿ ಕಳಿಸಿಬಿಡಿ.

ಇನ್ನು ಫೈಬರ್ ಹುಡುಗ. ಜಗಳದ ಬೇರು ಇರೋದು ಇಲ್ಲೇ. ಯೋಜನೆ ಬಂದ ಮೇಲೂ ಕಂಪನಿಗಳು ಪಿಡಿಒಗಳಿಗೆ ಲೀಸ್ಡ್ ಲೈನ್ ರೇಟನ್ನೇ ಹೇಳುತ್ತಿದ್ದವು. ಐದು ರೂಪಾಯಿಯ ವೈಫೈ ಮಾರುವವನು ಆ ದುಡ್ಡನ್ನು ಯಾವಾಗ ದುಡಿಯೋದು? 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿಯಲ್ಲಿ 2022ಕ್ಕೆ ಒಂದು ಕೋಟಿ ವೈಫೈ ಹಾಟ್‌ಸ್ಪಾಟ್ ಅಂತ ಬರೆದಿದ್ದರು. ಅದರ ಹತ್ತಿರಕ್ಕೂ ಹೋಗಲಿಲ್ಲ. 2024ರ ಆಗಸ್ಟ್‌ನಲ್ಲಿ ಟ್ರಾಯ್ ಒಂದು ಕರಡು ತಂತು. ಮನೆಯವರಿಗೆ ಯಾವ ರೇಟೋ ಪಿಡಿಒಗೂ ಅದೇ ರೇಟು ಅಂತ. ಮೊಬೈಲ್ ಕಂಪನಿಗಳ ಸಂಘ ಎದ್ದು ನಿಂತಿತು. ನಾವು ದುಡ್ಡು ಸುರಿದು ಹಾಕಿದ ಲೈನನ್ನು ಇನ್ನೊಬ್ಬ ಅಗ್ಗದಲ್ಲಿ ಕೊಂಡು ಮಾರಿ ನಮ್ಮ ಗಿರಾಕಿಯನ್ನೇ ಕಿತ್ತುಕೊಳ್ಳೋದಾ ಅಂತ ಅವರ ವಾದ. ಸುಮ್ನೆ ತಳ್ಳಿಹಾಕೋ ಮಾತಲ್ಲ ಅದು. ಒಂದು ಮನೆ ರಾತ್ರಿ ಎರಡು ಗಂಟೆ ಸಿನಿಮಾ ನೋಡುತ್ತೆ ಅಂತ ಲೆಕ್ಕ ಹಾಕಿ ಪ್ಲಾನ್ ಮಾಡಿರುತ್ತಾರೆ. ನಿಮ್ಮ ಬೆಂಚಿನ ಮೇಲೆ ಇಪ್ಪತ್ತು ಜನ ಕೂತರೆ ಆ ಲೆಕ್ಕ ಕೆಡುತ್ತೆ.

ಕೊನೆಗೆ 2025ರ ಜೂನ್‌ನಲ್ಲಿ ಟ್ರಾಯ್ ನಡುವಿನ ದಾರಿ ಹಿಡಿಯಿತು. 200 ಎಂಬಿಪಿಎಸ್‌ವರೆಗಿನ ಮನೆ ಫೈಬರ್ ಪ್ಲಾನುಗಳನ್ನು ಪಿಡಿಒಗೆ ಕೊಡಲೇಬೇಕು, ರೇಟು ಮನೆ ರೇಟಿನ ಎರಡು ಪಟ್ಟು ಮೀರಬಾರದು. ಅಂದರೆ ನಿಮ್ಮ 599ಕ್ಕೆ ಹೆಚ್ಚೆಂದರೆ 1,198, ಮೇಲೆ ಜಿಎಸ್‌ಟಿ. ಲೀಸ್ಡ್ ಲೈನ್ ತಗೋಬೇಕು ಅನ್ನೋದು ಈಗ ನಡೆಯಲ್ಲ. ಆದರೆ ನೀವು ಪಿಡಿಒ ಅಂತ ಹೇಳದೆ ಮನೆ ಪ್ಲಾನಿನಲ್ಲೇ ಮಾರಿದರೆ ಹುಡುಗ ಹೇಳಿದ್ದು ಸರಿಯಾಗಿಬಿಡುತ್ತೆ.

ಪೊಲೀಸರ ವಿಷಯ: ಹೆದರಬೇಕಾದದ್ದು ನೀವು ಈಗ ಮಾಡುತ್ತಿರೋದಕ್ಕೆ. ಹದಿನಾಲ್ಕು ಜನ ನಿಮ್ಮ ಹೆಸರಿನ ಲೈನಿನಲ್ಲಿ, ಯಾರು ಅಂತ ಎಲ್ಲೂ ದಾಖಲೆ ಇಲ್ಲ. ವಾಣಿಯಲ್ಲಿ ಕೊನೆಪಕ್ಷ ಫೋನ್ ನಂಬರ್ ಇರುತ್ತೆ.

ಮೂರು ರೂಪಾಯಿ ವಾಟ್ಸಾಪ್ ಬೇಡ. ಫೇಸ್‌ಬುಕ್‌ನವರು ಫ್ರೀ ಬೇಸಿಕ್ಸ್ ಅಂತ ಕೆಲವೇ ಸೈಟುಗಳನ್ನು ಪುಕ್ಕಟೆ ಕೊಡೋಕೆ ಹೊರಟಾಗ ದೇಶದಲ್ಲಿ ದೊಡ್ಡ ಗಲಾಟೆ ಆಗಿತ್ತು. 2016ರ ಫೆಬ್ರುವರಿ 8ಕ್ಕೆ ಟ್ರಾಯ್, ಸೈಟು ನೋಡಿ ರೇಟು ಹಾಕಬೇಡಿ ಅಂತ ಕಂಪನಿಗಳಿಗೆ ಕಟ್ಟು ಹಾಕಿತು. ನೀವು ಕಂಪನಿ ಅಲ್ಲ, ಆದರೂ ಆ ದಾರಿ ಯಾಕೆ? ಗಂಟೆಗೆ ಇಷ್ಟು, ಜಿಬಿಗೆ ಇಷ್ಟು ಅಂತ ಮಾರಿ. ಅವನು ಏನಾದರೂ ನೋಡಿಕೊಳ್ಳಲಿ.

ಝುವಾರಿನಗರದ ಅಂಗಡಿಯವ:

ಅಣ್ಣಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಒಂದು ಸಿಕ್ಕು ಉಳಿದಿದೆ. ಒಟಿಪಿ ಬರಬೇಕು ಅಂದರೆ ಫೋನಿನಲ್ಲಿ ರೀಚಾರ್ಜ್ ಇರಬೇಕು. ಐದು ರೂಪಾಯಿ ಫೋನಿನಲ್ಲೇ ಕಟ್ಟಬೇಕು ಅಂದರೆ ಡೇಟಾ ಇರಬೇಕು. ಡೇಟಾ ಇಲ್ಲ ಅಂತಲೇ ತಾನೇ ಅವನು ನನ್ನ ಹತ್ತಿರ ಬಂದದ್ದು? ಬಾವಿಗೆ ಇಳಿಯೋ ಹಗ್ಗ ಬಾವಿಯೊಳಗೇ ಬಿದ್ದ ಹಾಗೆ ಆಯ್ತು.

ವಾಸ್ಕೊ ಟೀಚರ್:

ನಾನು ಕಾರವಾರದವಳು, ವಾಸ್ಕೊದಲ್ಲಿ ಪಾಠ ಮಾಡುತ್ತೇನೆ. ಅಣ್ಣ, ನಿಮ್ಮ ಬರಹದಲ್ಲಿ ಬರೀ ಹುಡುಗರೇ ಇದ್ದಾರಲ್ಲ?

ರಾತ್ರಿ ಎಂಟಕ್ಕೆ ಅಂಗಡಿ ಬೆಂಚಿನ ಮೇಲೆ ಹತ್ತು ಗಂಡಸರು ಫೋನ್ ಹಿಡಿದು ಕೂತಿದ್ದರೆ ಒಂಬತ್ತನೇ ಕ್ಲಾಸಿನ ಹುಡುಗಿ ಅಲ್ಲಿಗೆ ಬರುತ್ತಾಳಾ? ಅವಳ ತಾಯಿ ಬರುತ್ತಾಳಾ? 2020ರಲ್ಲಿ ಆನ್‌ಲೈನ್ ಕ್ಲಾಸ್ ನಡೆದಾಗ ಗೋವಾದ ಒಳಗಿನ ಹಳ್ಳಿಗಳ ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿದ್ದನ್ನು ಪೇಪರಿನಲ್ಲಿ ಎಲ್ಲರೂ ನೋಡಿದರು. ನಮ್ಮ ಕ್ಲಾಸಿನ ಮಕ್ಕಳಿಗೆ ಗುಡ್ಡ ಬೇಕಿರಲಿಲ್ಲ. ಟವರ್ ಇತ್ತು, ಸಿಗ್ನಲ್ ಇತ್ತು. ಮನೆಯಲ್ಲಿ ಇದ್ದದ್ದು ಅಪ್ಪನ ಒಂದೇ ಫೋನು, ಅದರಲ್ಲಿ ಪ್ಯಾಕು ಮುಗಿದಿತ್ತು. ಅದರ ಫೋಟೋ ಯಾರು ತೆಗೆಯುತ್ತಾರೆ?

ರೂಟರನ್ನು ಗಲ್ಲಾಪೆಟ್ಟಿಗೆ ಹತ್ತಿರ ಇಡಬೇಡಿ. ಹಿಂದಿನ ಖೋಲಿಗಳ ಕಡೆ ಮುಖ ಮಾಡಿ ಎತ್ತರದಲ್ಲಿ ಇಡಿ. ಮನೆಯೊಳಗೆ ಕೂತು ಬಳಸೋ ಹಾಗಿದ್ದರೆ ಮಾತ್ರ ಹೆಂಗಸರಿಗೆ ಉಪಯೋಗ. ಒಟಿಪಿ ಬಗ್ಗೆ ಕೇಳಿದಿರಿ. 2024ರ ಡಿಸೆಂಬರಿನಲ್ಲಿ ಟ್ರಾಯ್ ಹೇಳಿದ ಮೇಲೆ ಕಂಪನಿಗಳು ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕು ತಂದಿವೆ. ಅದಿದ್ದರೆ ಒಟಿಪಿ ಬರುತ್ತೆ. ನಮ್ಮ ಶಾಲೆಯ ಆಯಾ ಈಗ ಅದನ್ನೇ ಹಾಕಿಸಿದ್ದಾರೆ.

ಹಡಪ್ಸರ್ ನೆಟ್‌ವರ್ಕ್:

ಟೀಚರ್ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ದುಡ್ಡಿನ ಸಿಕ್ಕಿಗೆ ದಾರಿ ಇದೆ. ಕೆಲವು ಪಿಡಿಒಎಗಳು ಕೂಪನ್ ಕೊಡುತ್ತವೆ. ಗಿರಾಕಿ ನಿಮಗೆ ನಗದು ಕೊಡುತ್ತಾನೆ, ನೀವು ಕೋಡ್ ಕೊಡುತ್ತೀರಿ. ಅದು ಇರೋರನ್ನೇ ಆರಿಸಿಕೊಳ್ಳಿ. ಮತ್ತೆ ಒಬ್ಬೊಬ್ಬರಿಗೆ 2 ಎಂಬಿಪಿಎಸ್ ಮಿತಿ ಹಾಕಿಸಿ. 2023ರಿಂದ ಸರ್ಕಾರದ ಲೆಕ್ಕದಲ್ಲೂ ಅಷ್ಟಿದ್ದರೆ ಬ್ರಾಡ್‌ಬ್ಯಾಂಡ್, ಅದಕ್ಕೂ ಮೊದಲು 512 ಕೆಬಿಪಿಎಸ್ ಇದ್ದರೂ ಸಾಕಿತ್ತು! ಇಪ್ಪತ್ತು ಜನ ಬಂದರೂ ನಿಮ್ಮ 60ರಲ್ಲಿ 40 ಆಗುತ್ತೆ, ಮಗನಿಗೆ 20 ಉಳಿಯುತ್ತೆ.

ಝುವಾರಿನಗರದ ಅಂಗಡಿಯವ: (ಐದು ವಾರದ ನಂತರ)

ಏನಾಯ್ತು ಅಂತ ಹೇಳದೆ ಹೋದರೆ ಸರಿಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಏಜೆಂಟಿಗೆ ಪಿಡಿಒಎ ಹೆಸರು ಕೇಳಿದೆ. "ಆಫೀಸಿನಲ್ಲಿ ವಿಚಾರಿಸಿ ಹೇಳ್ತೀನಿ" ಅಂತ ಹೋದವನು ಆಮೇಲೆ ಫೋನ್ ಎತ್ತಲಿಲ್ಲ. ಫೈಬರ್ ಹುಡುಗನಿಗೆ ಜೂನ್ ಆದೇಶ ತೋರಿಸಿದೆ. ಅವನಿಗೆ ಅದರ ಗಾಳಿಯೂ ಸೋಕಿರಲಿಲ್ಲ. ಅವನ ಮೇಲಿನವನಿಗೂ ಇಲ್ಲ. ಮೂರು ಸಲ ಮೇಲ್ ಹಾಕಿಸಿದೆ, ಮಗನ ಕೈಲಿ. ಕೊನೆಗೆ ಒಬ್ಬ ಮೇಡಂ ಫೋನ್ ಮಾಡಿ 1,198ಕ್ಕೆ ಒಪ್ಪಿದರು. ಒಂದು ರೂಪಾಯಿಯೂ ಕಡಿಮೆ ಇಲ್ಲ! ಮಿತಿ ಅಂತ ಇಟ್ಟದ್ದೇ ರೇಟಾಗಿ ಕೂತಿತು. ಜಿಎಸ್‌ಟಿ ಸೇರಿ 1,414. ರೂಟರಿಗೆ 3,200 ಆಯ್ತು.

ಮೊದಲ ತಿಂಗಳು ಕೂಪನ್ ಮಾರಿ ಬಂದದ್ದು 1,730. ಪಿಡಿಒಎ ಪಾಲು ಹೋಗಿ ಕೈಗೆ 1,300 ಚಿಲ್ಲರೆ. ಅಂದರೆ ಲೈನಿನ ಬಿಲ್ಲಿಗೆ ನೂರು ರೂಪಾಯಿ ಹತ್ತಿರ ಕಮ್ಮಿ. ಮೊದಲು 707 ಹೇಗೂ ನಾನೇ ಕಟ್ಟುತ್ತಿದ್ದೆ, ಹಾಗೆ ನೋಡಿದರೆ ಲಾಭವೇ. ಹೋಟೆಲ್ ಅಣ್ಣಾ, ನಮ್ಮಲ್ಲಿ ಕಟಿಂಗ್ ಚಹಾ ಇಲ್ಲ, ಬೆಂಚಿನ ಮೇಲೆ ಕೂತವರು ಶೇಂಗಾ, ಬಿಸ್ಕಿಟ್ ತಿನ್ನುತ್ತಾರೆ. ಆ ಲೆಕ್ಕ ನಾನು ಹೇಳಲ್ಲ.

ರೂಟರನ್ನು ಟೀಚರ್ ಹೇಳಿದ ಹಾಗೆ ಹಿಂದಿನ ಗೋಡೆಗೆ ಹಾಕಿದೆ. ಕೂಪನ್ ಕೊಡೋಕೆ ಮಧ್ಯಾಹ್ನ ನನ್ನ ಹೆಂಡತಿ ಕೂರುತ್ತಾಳೆ. ಎರಡನೇ ವಾರದಿಂದ ಹೆಂಗಸರು ಬರೋಕೆ ಶುರು ಮಾಡಿದರು. ಹತ್ತು ರೂಪಾಯಿಯ ಕೂಪನ್ ಜಾಸ್ತಿ ಹೋಗೋದು ಭಾನುವಾರ. ಊರಲ್ಲಿ ಬಿಟ್ಟು ಬಂದ ಮಕ್ಕಳ ಜತೆ ವಿಡಿಯೊ ಕಾಲ್. ಗೋಡೆಯ ಆಚೆಯಿಂದ "ಉಂಡೇನಪಾ?" ಅನ್ನೋದು ನನಗೆ ಗಲ್ಲಾದ ಹತ್ತಿರ ಕೇಳಿಸುತ್ತೆ.

ಒಂದೇ ತೊಂದರೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತೆ. ಹೋದಾಗೆಲ್ಲ ಕೂಪನ್ ತಗೊಂಡವರು ಬಾಗಿಲಿಗೆ ಬಂದು ನಿಲ್ಲುತ್ತಾರೆ, ಗಂಟೆ ಲೆಕ್ಕದ ಕೂಪನ್ ತಾನೇ. ರೂಟರ್ ಮತ್ತೆ ಫೈಬರ್ ಡಬ್ಬಿ ಎರಡೂ ಮೂರು ಗಂಟೆ ಓಡೋ ಸಣ್ಣ ಯುಪಿಎಸ್ ಯಾವುದಾದರೂ ಇದೆಯಾ? ಎರಡು ಸಾವಿರದೊಳಗೆ ಇರಲಿ.