ಮಾಳಿಗೆಯ ಮೇಲೆ ಕೋಳಿ ಸುಡಲು ಯಾವ ಇದ್ದಿಲು ಒಳ್ಳೆಯದು?

ಸಿಂಧನೂರಿನವ: ಚಿಕ್ಕದೊಂದು ಕಬ್ಬಿಣದ ಗ್ರಿಲ್ ತಂದಿದ್ದೇನೆ. ನನಗೆ ಕೋಳಿ ಕಾಲು, ಅಮ್ಮನಿಗೆ ಬದನೆಕಾಯಿ. ಸಂತೆಯಲ್ಲಿ ಜಾಲಿ ಇದ್ದಿಲು ಚೀಲಗಟ್ಟಲೆ ಸಿಗುತ್ತದೆ; ಆನ್‌ಲೈನ್‌ನಲ್ಲಿ ಬ್ರಿಕೆಟ್, ಅಂದರೆ ಪುಡಿ ಒತ್ತಿ ಮಾಡಿದ ಇದ್ದಿಲ ತುಂಡು, ಇದೆ, ಬೆಲೆ ಕೇಳುವಂತಿಲ್ಲ. ಯಾವುದು ತರಲಿ? ಪಕ್ಕದ ಮನೆಯವರು ಹೊಗೆ ಕಂಡರೆ ಜಗಳಕ್ಕೇ ಬರುತ್ತಾರೆ.

ಗಂಗಾವತಿ ತಂದೂರಿ: ದಿನವೂ ತಂದೂರಿ ಒಲೆಯ ಮುಂದೆ ಬೇಯುವವನು ನಾನು. ಕಣ್ಣು ಮುಚ್ಚಿ ಬಳ್ಳಾರಿ ಜಾಲಿಯದೇ ತನ್ನಿ. ಹೊಲದ ಬದುವಿನಲ್ಲಿ ನಾವು ಶಪಿಸುತ್ತ ಕಡಿಯುವ ಈ ಗಿಡದ ಮೂಲ ಅಮೆರಿಕ ಖಂಡ. ಟೆಕ್ಸಾಸ್‌ನವರು ಇದರ ಬಳಗದ ಮೆಸ್ಕೀಟ್ ಮರದ ಮೇಲೆ ಮಾಂಸ ಸುಟ್ಟು ಹೆಮ್ಮೆಪಡುತ್ತಾರೆ! ಕಾವು ಜೋರು, ಬೂದಿ ಕಡಿಮೆ. ಹೊತ್ತಿಕೊಳ್ಳುವಾಗ ಮಾತ್ರ ಚಟಪಟ ಕಿಡಿ ಹಾರುತ್ತದೆ. ಒಣಹಾಕಿದ ಬಟ್ಟೆ ಮೊದಲೇ ಎತ್ತಿಡಿ.

ಚೀಲ ಬಿಚ್ಚಿಸದೆ ಹಣ ಕೊಡಬೇಡಿ. ಎರಡು ತುಂಡು ತಟ್ಟಿದರೆ ಕಣಕಣ ಎನ್ನಬೇಕು. ಮುರಿದಾಗ ಒಳಗೂ ಕಪ್ಪಗೆ ಹೊಳೆಯಬೇಕು. ಕಂದು ಕಂಡರೆ ಅದು ಅರೆಸುಟ್ಟ ಕಟ್ಟಿಗೆ, ನಿಮ್ಮ ನೆರೆಯವರ ಜಗಳ ಅಲ್ಲಿಂದಲೇ ಶುರು. ಚೀಲದ ತಳದ ಪುಡಿಯನ್ನು ಗ್ರಿಲ್‌ಗೆ ಸುರಿಯಬೇಡಿ, ಗಾಳಿಯಾಡದೆ ಕೆಂಡ ಆರುತ್ತದೆ.

ಸೀಮೆಎಣ್ಣೆ ಸುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಳ್ಳೆಯ ಕೋಳಿಗೆ ಲಾಟೀನಿನ ವಾಸನೆ ಏಕೆ? ಎರಡೂ ಬದಿ ತೆರೆದ ಹಳೆಯ ತಗಡಿನ ಡಬ್ಬ ನಿಲ್ಲಿಸಿ, ಬುಡದ ಸುತ್ತ ತೂತು ಹೊಡೆಯಿರಿ. ಕೆಳಗೆ ಕಾಗದ, ಒಣ ತೆಂಗಿನ ನಾರು, ಮೇಲೆ ಇದ್ದಿಲು. ಉರಿ ತಗ್ಗಿ ಕೆಂಡದ ಮೇಲೆ ಬೂದಿ ಪದರ ಕಟ್ಟಿದ ಮೇಲೆಯೇ ಇಕ್ಕಳದಿಂದ ಡಬ್ಬ ತೆಗೆದು ಕೆಂಡ ಹರಡಿ. ಜ್ವಾಲೆಯ ಮೇಲೆ ಕೋಳಿ ಇಟ್ಟರೆ ಹೊರಗೆ ಕರಕಲು, ಒಳಗೆ ಹಸಿ.

ರಾಯಚೂರಿನ ಅಕ್ಕ: ಬ್ರಿಕೆಟ್ಟನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಇದ್ದಿಲ ಪುಡಿಗೆ ಗಂಜಿಯಂಥ ಅಂಟು ಬೆರೆಸಿ ಒತ್ತಿದ್ದು ಅದು. ಬೂದಿ ಹೆಚ್ಚು ನಿಜ, ಆದರೆ ಕಾವು ಒಂದೇ ಸಮ, ಬಹಳ ಹೊತ್ತು ಇರುತ್ತದೆ. ಇಡೀ ಕೋಳಿಗೆ ನಾನು ಅದನ್ನೇ ಬಳಸುತ್ತೇನೆ. ಇನ್ನೊಂದು ಮಾತು: ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರ ಉರಿಸುವುದು ಕಲ್ಲಿದ್ದಲು. ಅಂಥದ್ದು ಪುಕ್ಕಟೆ ಸಿಕ್ಕರೂ ಗ್ರಿಲ್‌ಗೆ ಬೇಡ, ಅದರಲ್ಲಿ ಗಂಧಕ ಇರುತ್ತದೆ.

ಗಂಗಾವತಿ ತಂದೂರಿ: ಇಡೀ ಕೋಳಿಗಾದರೆ ಅಕ್ಕನ ಮಾತು ಸರಿ. ಕಾಲಿಗೆ, ಬದನೆಕಾಯಿಗೆ ಜಾಲಿಯೇ.

ಸಿಂಧನೂರಿನವ: ಅಣ್ಣಾ, ಮಳೆ ಬಂದರೆ ಮೆಟ್ಟಿಲ ಕೋಣೆಯೊಳಗೆ ಇಟ್ಟುಕೊಳ್ಳಬಹುದೇ?

ಗಂಗಾವತಿ ತಂದೂರಿ: ಬೇಡವೇ ಬೇಡ, ತಮ್ಮಾ. ಹೊಗೆ ಕಾಣದಿದ್ದರೂ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಜೀವ ತೆಗೆಯುತ್ತದೆ. ಮಳೆ ಬಂದರೆ ಅಂದು ಕೋಳಿ ಸಾರು ಮಾಡಿಸಿಕೊಳ್ಳಿ.