‘ಮಠದ ಒಕ್ಕಲು’, ‘ಮಠಕ್ಕೆ ನಡಕೊಳ್ಳೋರು’: ಎರಡೂ ಒಂದೇನಾ?

ಎಲ್ಲರಿಗೂ ಶರಣು.

ಒಂದು ಸಣ್ಣ ಅಚ್ಚಿನ ಕೆಲಸದಿಂದ ಹುಟ್ಟಿದ ಪ್ರಶ್ನೆ ಇದು. ಕೊಪ್ಪಳದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ದೇಣಿಗೆ ರಸೀದಿ ಪುಸ್ತಕ, ಇಷ್ಟೇ ನನ್ನ ಸಾಹಿತ್ಯ. ಹೋದ ವಾರ ಇಲ್ಲೇ ತಾಲೂಕಿನ ಒಂದು ಸಣ್ಣ ಮಠದವರು ಮನೆಗಳ ಪಟ್ಟಿ ಅಚ್ಚು ಹಾಕಿಸಲು ಬಂದಿದ್ದರು. ಹಳೆಯ ಪಟ್ಟಿ ಕೈಬರಹದ್ದು, ಕೆಂಪು ಬಟ್ಟೆ ಸುತ್ತಿದ ಉದ್ದನೆಯ ದಫ್ತರ. ಮೊದಲ ಹಾಳೆಯ ಮೇಲೆ ಮೊಂಡು ಅಕ್ಷರದಲ್ಲಿ ‘ಮಠದ ಒಕ್ಕಲು ಮನಿಗಳು’ ಎಂದಿತ್ತು. ಕಮಿಟಿಯ ಹುಡುಗ ಅದನ್ನು ಹೊಡೆದು ‘ಸದಸ್ಯರು’ ಅಂತ ಮಾಡ್ರಿ ಅಂದ. ಮಾಡಿದೆ.

ಪ್ರೂಫ್ ನೋಡಲು ಬಂದ ಹಿರಿಯರು ತಲೆಬರಹ ದಾಟಿ ಮುಂದೆ ಹೋಗಲೇ ಇಲ್ಲ. “ಸದಸ್ಯರು ಅಂದ್ರ? ನಾವೇನು ಸೊಸೈಟಿ ಮೆಂಬರೇನ್ರೀ, ಶೇರು ತಗೊಂಡೀವೇನು?” ಹುಡುಗನೂ ಬಿಡಲಿಲ್ಲ. “ಒಕ್ಕಲು ಅಂತ ಬರದ್ರ ಮಠದ ಹೊಲ ಲಾವಣಿ (ಗೇಣಿ) ಮಾಡಿದವ್ರು ಅಂತ ತಿಳೀತಾರಜ್ಜಾ.” ಪಕ್ಕದಲ್ಲಿ ಲಗ್ನಪತ್ರಿಕೆಗೆ ಕೂತಿದ್ದ ಇನ್ನೊಬ್ಬರು ಸುಮ್ಮನಿರಲಾರದೆ “‘ಮಠಕ್ಕ ನಡಕೊಳ್ಳೋರು’ ಅಂತ ಹಾಕ್ರಿ, ಮುಗೀತು” ಅಂದರು. ಮುಗಿಯಲಿಲ್ಲ. ಹಿರಿಯರು ತಲೆ ಅಲ್ಲಾಡಿಸಿ, “ನಡಕೊಳ್ಳೋದು ಬ್ಯಾರೆ, ಒಕ್ಕಲಾಗಿರೋದು ಬ್ಯಾರೆ” ಅಂದು ಎದ್ದುಹೋದರು. ಬ್ಯಾರೆ ಹೇಗೆ ಅಂತ ಹೇಳಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ‘ನಡಕೊಳ್ಳೋದು’. ಬೆಂಗಳೂರಿನ ಕಡೆಯವರಿಗೆ ಇದು ವರ್ತನೆಯ ಮಾತು: “ದೊಡ್ಡವರ ಜೊತೆ ಸರಿಯಾಗಿ ನಡ್ಕೋ.” ನಮ್ಮಲ್ಲೂ ಆ ಅರ್ಥ ಇದೆ. ಆದರೆ ದೇವರ ಹೆಸರಿಗೋ ಮಠದ ಹೆಸರಿಗೋ ‘ಗೆ’ ಹಚ್ಚಿದ ಕೂಡಲೇ ಅರ್ಥ ತಿರುಗುತ್ತದೆ. “ನಾವು ಹುಲಿಗೆಮ್ಮಗ ನಡಕೋತೀವಿ” ಅಂದರೆ ವರ್ಷಕ್ಕೊಮ್ಮೆಯಾದರೂ ತುಂಗಭದ್ರೆಯ ದಂಡೆಯ ಹುಲಿಗಿಗೆ ಹೋಗಿ ಹೊಳೆಯಲ್ಲಿ ಮಿಂದು, ಹಣ್ಣುಕಾಯಿ ಮಾಡಿಸಿ, ಹೊತ್ತ ಹರಕೆ ತೀರಿಸಿ ಬರುವವರು ಎಂದು. ಹುಣ್ಣಿಮೆಯ ದಿನ ಹುಲಿಗಿಯಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಅಷ್ಟೂ ಮಂದಿಯನ್ನು ಕೇಳಿದರೆ ‘ನಾವು ನಡಕೊಳ್ಳೋರು’ ಅಂತಲೇ ಹೇಳುತ್ತಾರೆ. ಇದರ ಜೊತೆ ‘ಮನೆದೇವರು’ ಪದವನ್ನು ಇಟ್ಟು ನೋಡಿ. ಮನೆದೇವರು ಕೇಳಿ ಪಡೆದದ್ದಲ್ಲ, ಹುಟ್ಟಿನಿಂದ ಬಂದದ್ದು. ನಡಕೊಳ್ಳುವ ದೇವರು ಎಷ್ಟಾದರೂ ಇರಬಹುದು, ನಡುವೆ ಶುರು ಮಾಡಬಹುದು, ಬಿಡಬಹುದು. “ಮನಿದೇವ್ರು ವೀರಭದ್ರ, ಹುಲಿಗೆಮ್ಮಗೂ ನಡಕೋತೀವಿ” ಅನ್ನುವುದು ಸಹಜ ಮಾತು. “ನಮ್ಮ ಮಾವನವ್ರ ಕಾಲಕ್ಕ ನಡಕೋತಿದ್ರು, ಈಗ ಬಿಟ್ಟಾರ” ಅನ್ನುವುದೂ ಸಹಜ. “ಮನಿದೇವ್ರನ್ನ ಬಿಟ್ಟಾರ” ಅಂದರೆ ಮಾತ್ರ ಕೂತವರೆಲ್ಲ ತಿರುಗಿ ನೋಡುತ್ತಾರೆ.

ನನ್ನ ಚಿಗವ್ವನನ್ನು ಕೇಳಿದೆ. ಆಕೆಗೆ ಎಪ್ಪತ್ತು ದಾಟಿದೆ, ವ್ಯಾಕರಣ ಕಲಿತವಳಲ್ಲ. ಆಕೆ ಹೇಳಿದ್ದು: “ತವರಾಗ ಇದ್ದಾಗಿಂದ ಹುಲಿಗೆಮ್ಮಗ ನಡಕೋತೀನಿ. ಲಗ್ನಾಗಿ ಬಂದ ಮ್ಯಾಲ ಇವ್ರ ಮಠದ ಒಕ್ಕಲಾದೆ. ಹಂಗಂತ ಆಕೀನ ಬಿಡಾಕ ಬರ್ತೈತೇನು?” ಹಿರಿಯರು ಹೇಳದೆ ಎದ್ದುಹೋದದ್ದು ಇದೇ ಇರಬೇಕು. ಒಕ್ಕಲುತನ ಮನೆಗೆ ಅಂಟಿದ್ದು, ಹೆಣ್ಣಿಗೆ ಮನೆ ಬದಲಾದರೆ ಅದೂ ಬದಲಾಗುತ್ತದೆ. ನಡಕೊಳ್ಳೋದು ಒಬ್ಬೊಬ್ಬರಿಗೆ ಅಂಟಿದ್ದು, ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಗಂಡನ ಮನೆಗೂ ಬರುತ್ತದೆ.

ಪದಗಳ ಹುಟ್ಟೂ ಇದಕ್ಕೆ ಒಗ್ಗುತ್ತದೆ. ‘ಒಕ್ಕಲು’ ಎಂದರೆ ಮೂಲದಲ್ಲಿ ನೆಲೆಸಿದ ಮನೆತನ, ಬೇಸಾಯದ ಸಂಸಾರ. ಶಾಸನಗಳಲ್ಲಿ ‘ಐವತ್ತೊಕ್ಕಲು’ ಬರುತ್ತದೆ, ‘ಒಕ್ಕಲೆಬ್ಬಿಸು’ ಇವತ್ತಿಗೂ ಪೇಪರಿನಲ್ಲಿ ಬರುತ್ತದೆ. ಮಠದ ಒಕ್ಕಲು ಎಂದರೆ ಆ ಮಠದ ನೆರಳಿನಲ್ಲಿ ಬೇರೂರಿದ ಮನೆ. ಲಿಂಗಧಾರಣೆಯಿಂದ ಹಿಡಿದು ಮಣ್ಣು ಕೊಡುವ ತನಕ ಆ ಮಠದ ಅಯ್ಯನವರೇ ಬರಬೇಕು. ಅಯ್ಯನವರು ಜೋಳಿಗೆ ಹಿಡಿದು ಕಂತಿಭಿಕ್ಷೆಗೆ ಬಂದರೆ ಬರಿಗೈಲಿ ಕಳಿಸುವ ಹಾಗಿಲ್ಲ. ಎರಡು ಕಡೆಯೂ ಬಾಧ್ಯತೆ. ಆದರೆ ಕಮಿಟಿ ಹುಡುಗನ ಅಂಜಿಕೆಯೂ ಸುಳ್ಳಲ್ಲ. ಅನೇಕ ಕಡೆ ಮಠದ ಒಕ್ಕಲೇ ಮಠದ ಹೊಲವನ್ನೂ ಮಾಡುತ್ತಿದ್ದರು. 1974ರ ಭೂಸುಧಾರಣೆ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯ ಆದ ಮೇಲೆ, ಹೊಲ ಹೆಸರಿಗೆ ಮಾಡಿಸಿಕೊಂಡವರಿಗೆ ‘ಒಕ್ಕಲು’ ಅನ್ನಿಸಿಕೊಳ್ಳುವುದು ಒಂಥರಾ ಮುಜುಗರ ಆಗಿರಬೇಕು. ಇದು ನನ್ನ ಊಹೆ. ಅಂಗಡಿಯಲ್ಲಿ ಇಟ್ಟಿರುವ ಹಳೆಯ ಕರಪತ್ರಗಳ ಕಟ್ಟು ಬಿಚ್ಚಿದರೆ ‘ಒಕ್ಕಲು ಮಕ್ಕಳು’, ‘ಶಿಷ್ಯಮಕ್ಕಳು’ ಅಂತ ಇದ್ದದ್ದು ಈಚೆಗೆ ಬಂದ ಹಾಗೆ ‘ಸಕಲ ಸದ್ಭಕ್ತರು’ ಆಗುತ್ತದೆ.

‘ಭಕ್ತ’ ಪದದ ಕತೆಯೂ ಹೀಗೇ. ಷಟ್‌ಸ್ಥಲದಲ್ಲಿ, ಅಂದರೆ ಲಿಂಗಾಯತರ ಆರು ಮೆಟ್ಟಿಲ ಸಾಧನೆಯಲ್ಲಿ, ಅದು ಮೊದಲ ಮೆಟ್ಟಿಲು, ಅದಾದ ಮೇಲೆ ಮಹೇಶ. ಊರ ಮಾತಿನಲ್ಲಿ “ಅವ್ರು ಅಯ್ಯನವ್ರು, ಇವ್ರು ಭಕ್ತರು” ಅಂದರೆ ಜಂಗಮರಲ್ಲದ ಲಿಂಗಾಯತರು ಅಂತ ಗಟ್ಟಿ ಅರ್ಥ. ಈಗ ಆ ಪದದ ಬಾಗಿಲು ಅಗಲವಾಗಿದೆ. ಬನದ ಹುಣ್ಣಿಮೆ ಕಳೆದು ಎರಡು ದಿನಕ್ಕೆ ನಮ್ಮ ಕೊಪ್ಪಳದ ಗವಿಮಠದಲ್ಲಿ ಗವಿಸಿದ್ಧೇಶ್ವರನ ತೇರು. ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ಜೋಳದ ರೊಟ್ಟಿ ಬರುತ್ತವೆ. ರೊಟ್ಟಿ ಬಡಿದ ಮನೆಗಳಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಅವರಲ್ಲಿ ಬಹಳ ಮಂದಿ ಗವಿಮಠದ ಒಕ್ಕಲಲ್ಲ. ಹರಕೆ ಹೊತ್ತು ನಡಕೊಳ್ಳುವವರೂ ಅಲ್ಲ. “ರೊಟ್ಟಿ ಕೊಡ್ತೀವ್ರೀ” ಅನ್ನುತ್ತಾರೆ, ಅಷ್ಟೇ. ಮರುದಿನದ ಪೇಪರು ಎಲ್ಲರನ್ನೂ ಒಂದೇ ಪುಟ್ಟಿಗೆ ಹಾಕಿ ‘ಭಕ್ತರು’ ಅನ್ನುತ್ತದೆ.

ಬೇರೆಯವರ ಪದಗಳನ್ನೂ ಅಚ್ಚು ಹಾಕುತ್ತೇನಾದ್ದರಿಂದ ಎರಡು ಮಾತು. ಬಳ್ಳಾರಿ ಕಡೆಯ ಕ್ರೈಸ್ತ ಗಿರಾಕಿಗಳಿಗೆ ‘ಸಭೆ’ ಅಂದರೆ ಸೇರುವ ಕಾರ್ಯಕ್ರಮವಲ್ಲ, ಸೇರಿದ ಜನ. ನಮ್ಮ ಸಭೆ ವಂದನಾರ್ಪಣೆಯೊಂದಿಗೆ ಮುಗಿಯುತ್ತದೆ, ಅವರದು ಮುಗಿಯುವುದೇ ಇಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ಕೂತವರು. ಈ ಅರ್ಥದ ‘ಸಭೆ’ ಆ ಅನುವಾದದಲ್ಲೇ ನೆಲೆಯೂರಿತೋ ಹೇಗೆ, ಬಲ್ಲವರು ತಿಳಿಸಬೇಕು. ನಮ್ಮ ಅಂಗಡಿಯ ಆಪರೇಟರ್ ಹೇಳುವಂತೆ ಮುಸ್ಲಿಮರಲ್ಲಿ ‘ಜಮಾತ್’ ಬೇರೆ, ‘ಮುರೀದ್’ ಬೇರೆ: ಜಮಾತಿನಲ್ಲಿ ಮನೆಯ ಹೆಸರು ಇರುತ್ತದೆ, ನಿಕಾಹ್‌ಗೆ ಅಲ್ಲಿಂದ ಚೀಟಿ ಬೇಕು; ಮುರೀದ್ ಆಗುವುದು ಒಬ್ಬೊಬ್ಬರೇ ಒಬ್ಬ ಪೀರರ ಕೈ ಹಿಡಿದು. ಅಂದರೆ ನಮ್ಮ ಒಕ್ಕಲು, ನಡಕೊಳ್ಳೋರ ಜೋಡಿಯೇ ಇನ್ನೊಂದು ವೇಷದಲ್ಲಿ. ರಾಯಚೂರು ಸೀಮೆಯ ಮಾಧ್ವರ ಮನೆಯಲ್ಲೂ ಹೀಗೇ. ‘ಯಾವ ಮಠ?’ ಅನ್ನುವುದಕ್ಕೆ ಉತ್ತರ ಹುಟ್ಟಿನಿಂದ ಬರುತ್ತದೆ, ‘ಅಂಕಿತ’, ಅಂದರೆ ದಾಸರು ತಮ್ಮ ಪದಗಳ ಕೊನೆಗೆ ಹಾಕುವ ಹೆಸರು, ಮಾತ್ರ ಗುರುವಿನಿಂದ ಪಡೆಯಬೇಕು. ಗೋಪಾಲದಾಸರಿಗೆ ಕೊಟ್ಟವರು ಚೀಕಲಪರವಿಯ ವಿಜಯದಾಸರು.

ಕೆಲವೇ ದಿನದ ಮಟ್ಟಿಗೆ ಸೇರುವುದಕ್ಕೂ ಪದಗಳಿವೆ. ಈಗ ಹುಡುಗರು ‘ಮಾಲೆ ಹಾಕ್ತಾರೆ’. ಹನುಮಮಾಲೆಯವರು ಗಂಗಾವತಿ ಹತ್ತಿರದ ಅಂಜನಾದ್ರಿ ಏರಿ ‘ವಿಸರ್ಜನೆ’ ಮಾಡಿ ಬರುತ್ತಾರೆ. ಅಲ್ಲಿಯ ತನಕ ಮನೆಯವರೂ ‘ಸ್ವಾಮಿ’ ಅನ್ನಬೇಕು, ಮರುದಿನ ಮತ್ತೆ “ಏ ಮಂಜ್ಯಾ”. ಇದೆಲ್ಲ ಈಗಿನ ಫ್ಯಾಶನ್ ಅಂತ ಮೂಗು ಮುರಿಯುವವರಿಗೆ ಮುದಗಲ್ಲಿನ ಮೊಹರಂ ತೋರಿಸಬೇಕು. ಹಿಂದೂ ಮನೆಗಳವರು ಹರಕೆ ಹೊತ್ತು ಅಷ್ಟು ದಿನಕ್ಕೆ ‘ಫಕೀರ ಆಗೋದು’ ಎಷ್ಟೋ ತಲೆಮಾರಿನಿಂದ ನಡೆದಿದೆ. ‘ಆಗೋದು’ ಅನ್ನುವ ಕ್ರಿಯಾಪದ ಗಮನಿಸಿ. ಮಾಲೆಯನ್ನು ‘ಹಾಕ್ತಾರೆ’, ಫಕೀರ ‘ಆಗ್ತಾರೆ’.

ಈಗ ನನ್ನ ತಲೆಯಲ್ಲಿ ಕೊರೆಯುತ್ತಿರುವ ಹುಳ. ವಿದ್ವಾಂಸರು ನಗಬಹುದು, ನಗಲಿ. ನಾನು ಜೋಡಿಸಿ ನೋಡಿದ್ದು ವಿಭಕ್ತಿಗಳನ್ನು. ಮಠ‘ದ’ ಒಕ್ಕಲು: ಷಷ್ಠಿ, ನೀನು ಅದರವನು. ಮಠ‘ಕ್ಕೆ’ ನಡಕೊಳ್ಳೋರು: ಚತುರ್ಥಿ, ನೀನು ಅದರ ಕಡೆಗೆ ಹೋಗುವವನು. ಈ ಕೊಪ್ಪಳ ಹಿಂದೆ ಕೊಪಣ ಎಂಬ ದೊಡ್ಡ ಜೈನತೀರ್ಥ ಆಗಿದ್ದಾಗ ಗೃಹಸ್ಥ ಶಿಷ್ಯರಿಗೆ ಇದ್ದ ಪದ ‘ಗುಡ್ಡ’, ಹೆಣ್ಣಾದರೆ ‘ಗುಡ್ಡಿ’. ಶ್ರವಣಬೆಳಗೊಳದ ಶಾಸನದಲ್ಲಿ ಶಾಂತಲದೇವಿ ಪ್ರಭಾಚಂದ್ರ ಸಿದ್ಧಾಂತದೇವ‘ರ’ ಗುಡ್ಡಿ. ಅದೂ ಷಷ್ಠಿಯೇ.

ಇನ್ನೂ ಹಿಂದಕ್ಕೆ ಹೋದರೆ ಅಶೋಕ. ಅವನ ಕಿರುಬಂಡೆ ಶಾಸನಗಳು ನಮ್ಮ ಮೂರೂ ಜಿಲ್ಲೆಯಲ್ಲಿವೆ: ರಾಯಚೂರಿನ ಮಸ್ಕಿ, ಕೊಪ್ಪಳದ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡು, ಬಳ್ಳಾರಿಯ ನಿಟ್ಟೂರು ಮತ್ತು ಉದೆಗೊಳ. 1915ರಲ್ಲಿ ಸಿಕ್ಕ ಮಸ್ಕಿಯದರಲ್ಲಿ ಅಶೋಕ ಎಂಬ ಹೆಸರೇ ಇದೆ. ತಾನು ಎರಡೂವರೆ ವರ್ಷದಿಂದ ಬುದ್ಧನ ಅನುಯಾಯಿ, ಒಂದು ವರ್ಷಕ್ಕೂ ಮೇಲಾಯಿತು ಸಂಘಕ್ಕೆ ‘ಉಪಗತ’ನಾಗಿ, ಎನ್ನುತ್ತಾನೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಅದೇ ಜಾಗದಲ್ಲಿ ‘ಉಪಯೀತೇ’ ಇದೆ. ಈ ಒಂದು ಪದದ ಮೇಲೆ ವಿದ್ವಾಂಸರು ಬಹಳ ಕಾಲ ಜಗ್ಗಾಡಿದ್ದಾರೆ: ಸನ್ಯಾಸಿಯಾಗಿ ಸಂಘ ಸೇರಿದನೇ, ಭೇಟಿ ಕೊಟ್ಟನೇ, ಬರೀ ಹತ್ತಿರವಾದನೇ? ‘ಉಪ’ ಎಂದರೆ ಹತ್ತಿರ, ‘ಗತ’ ಎಂದರೆ ಹೋದವ. ರಾಜ್ಯ ಬಿಟ್ಟಿಲ್ಲ, ಮನೆ ಬಿಟ್ಟಿಲ್ಲ, ಆದರೂ ಮೊದಲಿನ ಹಾಗಿಲ್ಲ. ಇದನ್ನು ಚಿಗವ್ವನಿಗೆ ಬಿಡಿಸಿ ಹೇಳಿದರೆ ಒಂದು ಗಳಿಗೆಯೂ ತಡಮಾಡದೆ “ಸಂಘಕ್ಕ ನಡಕೋತಿದ್ದ ಅನ್ನು” ಅಂದಳು.

ಪ್ರಾಕೃತದ ‘ಉಪಗತ’ದಿಂದ ನಮ್ಮ ‘ನಡಕೊಳ್ಳು’ ಬಂತು ಅಂತ ನಾನು ಹೇಳುತ್ತಿಲ್ಲ. ಎರಡು ಭಾಷೆಗಳು ಒಂದೇ ಸೀಮೆಯಲ್ಲಿ ಒಂದೇ ನಂಟಿಗೆ ‘ಹೋಗುವ’ ಕ್ರಿಯಾಪದವನ್ನೇ ಆರಿಸಿಕೊಂಡದ್ದು ಚೆಂದ ಅನ್ನಿಸಿತು. ಇದಕ್ಕೆ ಎದುರುವಾದವೂ ನನಗೇ ಹೊಳೆದಿದೆ. ‘ನಡೆ’ ಇಲ್ಲಿ ಕಾಲಿನ ನಡೆಯಲ್ಲ, ‘ನಡೆನುಡಿ’ಯ ನಡೆ, ಅಂದರೆ ಆ ದೇವರ ನೇಮಕ್ಕೆ ತಕ್ಕಂತೆ ಇರುವುದು ಅನ್ನಬಹುದು. ‘ಹಿಂದಿನಿಂದ ನಡಕೊಂಡು ಬಂದದ್ದು’ ಎಂಬ ರೂಢಿಯ ನಡೆಯೂ ಆಗಬಹುದು. ‘ಗೆ’ ಇದ್ದ ಮಾತ್ರಕ್ಕೆ ದಿಕ್ಕು ಇದೆ ಅನ್ನಲಾಗದು. ‘ದೇವರಿಗೆ ಹೆದರು’ ಅನ್ನುವಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಆದರೂ ಹುಲಿಗಿ ದಾರಿಯಲ್ಲಿ ಬರಿಗಾಲಲ್ಲಿ ಹೋಗುವವರನ್ನು ಕಂಡವನಿಗೆ ಕಾಲಿನ ನಡೆಯನ್ನು ಬಿಟ್ಟುಕೊಡಲು ಮನಸ್ಸಾಗದು.

ನನಗೆ ಬೇಕಾದದ್ದು ಇಷ್ಟು. ದೇವರಿಗೋ ಮಠಕ್ಕೋ ‘ನಡಕೊಳ್ಳು’ ಎಂಬ ಬಳಕೆ ತುಂಗಭದ್ರೆಯ ಆಚೆ, ದಾವಣಗೆರೆ, ಚಿತ್ರದುರ್ಗ ದಾಟಿ ಎಲ್ಲಿಯವರೆಗೆ ಕೇಳಿಸುತ್ತದೆ? ಮೈಸೂರು ಕಡೆ ‘ಒಕ್ಕಲು’ ಪದ ದೇವರಿಗೂ ಸಲ್ಲುತ್ತದಲ್ಲ, ಅಲ್ಲಿ ಹೆಣ್ಣು ಗಂಡನ ಮನೆಗೆ ಹೋದರೆ ಒಕ್ಕಲು ಬದಲಾಗುತ್ತದೋ? ವಚನಗಳಲ್ಲೋ ದಾಸರ ಪದಗಳಲ್ಲೋ ಚತುರ್ಥಿ ಹಿಡಿದ ‘ನಡೆದುಕೊಳ್ಳು’ ಕಂಡವರಿದ್ದರೆ ಆ ಸಾಲನ್ನು ದಯವಿಟ್ಟು ಕಳಿಸಿ. ಊರ ಕರಪತ್ರಗಳ ಕೊನೆಗೆ ಬರುವ ‘ಸಮಸ್ತ ದೈವದವರು’, ಅಂದರೆ ದೇವರಲ್ಲ, ಕೂಡಿದ ಜನವನ್ನೇ ‘ದೈವ’ ಅನ್ನುವುದು, ಅದಕ್ಕೆ ಬೇರೆಯೇ ಒಂದು ಪತ್ರ ಬೇಕು.

ಸೋಮವಾರ ಆ ಹಿರಿಯರು ಮತ್ತೆ ಬರುತ್ತಾರೆ. ಸದ್ಯಕ್ಕೆ ಪಟ್ಟಿಯ ತಲೆಬರಹದ ಜಾಗ ಖಾಲಿ ಬಿಟ್ಟು, ಕೆಳಗೆ ಬರೀ ಮನೆತನಗಳ ಹೆಸರು ಜೋಡಿಸಿಟ್ಟಿದ್ದೇನೆ.